ಹಳೆಯ ಪಾಂಟಿಯಾಕ್ ಜಿಟಿಒ ಕಾರಿನ ಎಂಜಿನ್ ಹೊರಗೆ ಕಂಪನಿಯದ್ದೇ ಎನ್ನಿಸುವಂತಿದ್ದು, ಶಕ್ತಿ ಹೆಚ್ಚಿಸಬಹುದೇ? ಡೈನೋ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಕೊಡುವ ಅಂಕಿ ನಂಬಬಹುದೇ?
ಧಾರಾಳವಾಗಿ ಹೆಚ್ಚಿಸಬಹುದು. ಪಾಂಟಿಯಾಕ್ ಇದಕ್ಕೆ ಹೇಳಿ ಮಾಡಿಸಿದ್ದು: 400 ಮತ್ತು 455 ಘನ ಇಂಚಿನ ವಿ8ಗಳ ಹೊರ ಅಳತೆ ಒಂದೇ. 400ರ ಬ್ಲಾಕ್‌ನ ಬೋರ್ (ಸಿಲಿಂಡರ್ ವ್ಯಾಸ) ತುಸು ಹಿಗ್ಗಿಸಿ, 4.25 ಇಂಚು ಸ್ಟ್ರೋಕ್‌ನ (ಪಿಸ್ಟನ್ ಚಲಿಸುವ ದೂರ) ಕ್ರ್ಯಾಂಕ್ ಕೂರಿಸಿದರೆ ಸುಮಾರು 461 ಘನ ಇಂಚು. ಮೇಲೆ ಅದೇ ನೀಲಿ ಬಣ್ಣ, ಅದೇ ಕ್ವಾಡ್ರಾಜೆಟ್ ಕಾರ್ಬ್ಯುರೇಟರ್. ಬಾನೆಟ್ ಎತ್ತಿದವರಿಗೆ ಸುಳಿವೇ ಸಿಗದು. ಹೆಡ್‌ನ ಪೋರ್ಟ್‌ಗಳನ್ನೂ (ಗಾಳಿ, ಹೊಗೆ ಹಾಯುವ ದಾರಿಗಳು) ಒಳಗೊಳಗೇ ಉಜ್ಜಿ ಅಗಲಿಸಬಹುದು. ಅಡ್ಡಗಾಲು ಹಾಕುವುದು ಎರಕದ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಹೊಗೆಯನ್ನು ಸಲೀಸಾಗಿ ಬಿಡದು.

ಡೈನೋ ಪರೀಕ್ಷೆಯನ್ನೂ ಆ ಮ್ಯಾನಿಫೋಲ್ಡ್ ಹಾಕಿಯೇ ಮಾಡಿಸಿ. ಹೆಡರ್ (ಹೊಗೆಯನ್ನು ಸಲೀಸಾಗಿ ಬಿಡುವ ಕೊಳವೆಗಳು) ಜೋಡಿಸಿ ತೆಗೆದ ಅಂಕಿ ಜಂಬಕ್ಕಷ್ಟೇ! ಡೈನೋ ಅಳೆಯುವುದು ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು. ಪೌಂಡ್-ಅಡಿಯಲ್ಲಿರುವ ಅದನ್ನು ಆರ್‌ಪಿಎಂನಿಂದ ಗುಣಿಸಿ 5252ರಿಂದ ಭಾಗಿಸಿದರೆ ಹಾರ್ಸ್‌ಪವರ್. 1968ರ ಜಿಟಿಒದ 350 ಹಾರ್ಸ್‌ಪವರ್ ‘ಗ್ರಾಸ್’ ಲೆಕ್ಕದ್ದು (ಎಂಜಿನ್ ಒಂದನ್ನೇ ಕಾರಿನ ಹೊರಗಿಟ್ಟು ಅಳೆದದ್ದು), ಚಕ್ರದಲ್ಲಿ ಅಳೆದ ಅಂಕಿಯನ್ನು ಅದಕ್ಕೆ ಹೋಲಿಸಬೇಡಿ.