ಹೆಚ್ಚು ಮತ ಪಡೆದವರು ಅಮೆರಿಕದಲ್ಲಿ ಸೋಲುವುದು ಹೇಗೆ?

ಪ್ರಶ್ನೆ: 2016ರಲ್ಲಿ ಹಿಲರಿ ಕ್ಲಿಂಟನ್ ಅವರಿಗೆ ಟ್ರಂಪ್ ಅವರಿಗಿಂತ 28 ಲಕ್ಷಕ್ಕೂ ಹೆಚ್ಚು ಮತ ಬಂದಿತ್ತು. ಆದರೂ ಸೋತರು. ಜನ ಹಾಕಿದ ಮತಕ್ಕೆ ಅಲ್ಲಿ ಬೆಲೆಯೇ ಇಲ್ಲವೆ?
– ಓದುಗರು, ಜಯನಗರ

ಉತ್ತರ: ಬೆಲೆ ಇದೆ, ಆದರೆ ಆಯಾ ರಾಜ್ಯದ ಗಡಿಯೊಳಗೆ ಮಾತ್ರ. ಹೊರಗಿನಿಂದ ಒಂದೇ ಚುನಾವಣೆಯಂತೆ ಕಂಡರೂ ಒಳಗೆ 51 ಚುನಾವಣೆಗಳು ನಡೆಯುತ್ತವೆ: 50 ರಾಜ್ಯಗಳಲ್ಲಿ ಒಂದೊಂದು, ರಾಜಧಾನಿ ವಾಷಿಂಗ್ಟನ್ ಡಿಸಿಯಲ್ಲಿ ಇನ್ನೊಂದು. ಅಧ್ಯಕ್ಷರನ್ನು ನೇರವಾಗಿ ಆರಿಸುವುದು ಎಲೆಕ್ಟರ್‌ಗಳು, ಅಂದರೆ ಅದಕ್ಕೆಂದೇ ಪ್ರತಿ ರಾಜ್ಯದಿಂದ ಆಯ್ಕೆಯಾಗುವ ಪ್ರತಿನಿಧಿಗಳು. ಸಂಸತ್ತಿನ ಕೆಳಮನೆಯಲ್ಲಿ ಒಂದು ರಾಜ್ಯಕ್ಕೆ ಎಷ್ಟು ಸ್ಥಾನವೋ ಅಷ್ಟು, ಜೊತೆಗೆ ಮೇಲ್ಮನೆಯಾದ ಸೆನೆಟ್‌ನ ಎರಡು ಸೇರಿಸಿದರೆ ಆ ರಾಜ್ಯದ ಎಲೆಕ್ಟರ್‌ಗಳ ಸಂಖ್ಯೆ ಸಿಗುತ್ತದೆ. ಕೆಳಮನೆಯ 435, ಸೆನೆಟ್‌ನ 100, ಡಿಸಿಗೆ 3, ಒಟ್ಟು 538. ಗೆಲ್ಲಲು 270 ಬೇಕು. ದೇಶದ ಒಟ್ಟು ಮತವನ್ನು ಪತ್ರಿಕೆಗಳು ಕೂಡಿ ಹೇಳುತ್ತವೆಯೇ ಹೊರತು, ಆ ಮೊತ್ತಕ್ಕೆ ಕಾನೂನಿನಲ್ಲಿ ಯಾವ ಸ್ಥಾನವೂ ಇಲ್ಲ.

ಮೇನ್, ನೆಬ್ರಾಸ್ಕಾ ಬಿಟ್ಟರೆ ಉಳಿದೆಡೆ ರಾಜ್ಯದಲ್ಲಿ ಒಂದು ಮತ ಮುಂದಿದ್ದವರಿಗೂ ಅಲ್ಲಿನ ಎಲ್ಲ ಎಲೆಕ್ಟರ್‌ಗಳು ಸಿಗುತ್ತಾರೆ. ಎಡವಟ್ಟಾಗುವುದು ಇಲ್ಲಿಯೇ. 2016ರಲ್ಲಿ ಕ್ಯಾಲಿಫೋರ್ನಿಯಾ ಒಂದರಲ್ಲೇ ಕ್ಲಿಂಟನ್ ಸುಮಾರು 42.7 ಲಕ್ಷ ಮತಗಳಿಂದ ಮುಂದಿದ್ದರು. ಅಲ್ಲಿ ಒಂದು ಸಾವಿರದಿಂದ ಗೆದ್ದಿದ್ದರೂ ಸಿಗುತ್ತಿದ್ದದ್ದು ಅದೇ 55 ಎಲೆಕ್ಟರ್‌ಗಳು. ಅತ್ತ ಟ್ರಂಪ್ ಮಿಷಿಗನ್‌ನಲ್ಲಿ 10,704, ವಿಸ್ಕಾನ್ಸಿನ್‌ನಲ್ಲಿ 22,748, ಪೆನ್ಸಿಲ್ವೇನಿಯಾದಲ್ಲಿ 44,292 ಮತಗಳ ಅಂತರದಿಂದ ಗೆದ್ದರು. ಮೂರೂ ಸೇರಿ 78 ಸಾವಿರದ ಒಳಗಿನ ಅಂತರಕ್ಕೆ 46 ಎಲೆಕ್ಟರ್‌ಗಳು. ಆ 46 ಕೈತಪ್ಪಿದ್ದರೆ ಟ್ರಂಪ್ 260ಕ್ಕೆ ನಿಲ್ಲುತ್ತಿದ್ದರು.

ನಮಗೂ ಇದು ಹೊಸದಲ್ಲ. 2018ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಸುಮಾರು ಶೇ 38, ಬಿಜೆಪಿಗೆ ಸುಮಾರು ಶೇ 36 ಮತ ಬಂದಿತ್ತು. ಆದರೆ 222 ಕ್ಷೇತ್ರಗಳ ಫಲಿತಾಂಶ ಬಂದಾಗ ಬಿಜೆಪಿಗೆ 104, ಕಾಂಗ್ರೆಸ್ಸಿಗೆ 78. ಮತ ಎಷ್ಟು ಎಂಬುದರ ಜೊತೆಗೆ ಎಲ್ಲಿ ಬಿತ್ತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ವ್ಯತ್ಯಾಸವೆಂದರೆ, ನಮ್ಮಲ್ಲಿ ಗೆದ್ದ ಶಾಸಕರು ಸದನದಲ್ಲಿ ಕೂರುತ್ತಾರೆ. ಅಲ್ಲಿ ಎಲೆಕ್ಟರ್‌ಗಳ ಕೆಲಸ ಒಂದೇ ದಿನದ್ದು.

ಪ್ರಶ್ನೆ: ಸಣ್ಣ ರಾಜ್ಯಗಳಿಗೆ ಹೆಚ್ಚು ಎಲೆಕ್ಟರ್‌ಗಳನ್ನು ಕೊಟ್ಟಿರುವುದೇ ಈ ಅನ್ಯಾಯಕ್ಕೆ ಕಾರಣವಲ್ಲವೆ?
– ಓದುಗರು, ಮಲ್ಲೇಶ್ವರ

ಉತ್ತರ: ಎಲ್ಲರೂ ಮೊದಲು ಬೆರಳು ತೋರಿಸುವುದು ಅತ್ತಲೇ. 2020ರ ಜನಗಣತಿಯಂತೆ ವಯೋಮಿಂಗ್‌ನಲ್ಲಿ 1.92 ಲಕ್ಷ ಜನರಿಗೆ ಒಬ್ಬ ಎಲೆಕ್ಟರ್, ಕ್ಯಾಲಿಫೋರ್ನಿಯಾದಲ್ಲಿ 7.32 ಲಕ್ಷಕ್ಕೆ ಒಬ್ಬ. ಅಸಮಾನತೆ ಕಣ್ಣಿಗೆ ಹೊಡೆಯುವಂತಿದೆ, ನಿಜ. ಆದರೆ ಲೆಕ್ಕ ಹಾಕಿ ನೋಡಿ. ಪ್ರತಿ ರಾಜ್ಯದಿಂದಲೂ ಸೆನೆಟ್ ಪಾಲಿನ ಎರಡನ್ನು ಕಳೆದರೂ 2016ರಲ್ಲಿ ಟ್ರಂಪ್ 246–190ರಿಂದ ಗೆಲ್ಲುತ್ತಿದ್ದರು. 2000ದಲ್ಲಾದರೆ ಫಲಿತಾಂಶ ತಿರುಗಿ, ಬುಷ್ ಎದುರು ಸೋತಿದ್ದ ಅಲ್ ಗೋರ್ 225–211ರಿಂದ ಗೆಲ್ಲುತ್ತಿದ್ದರು. ಹಾಗಾಗಿ ದೊಡ್ಡ ತಪ್ಪಿರುವುದು ‘ಗೆದ್ದವರಿಗೆ ಎಲ್ಲವೂ’ ಎಂಬ ನಿಯಮದಲ್ಲಿ ಎಂದೇ ನಮ್ಮ ಅಭಿಪ್ರಾಯ. ಸಂವಿಧಾನ ಅದನ್ನು ಹೇರಿಲ್ಲ. ಎಲೆಕ್ಟರ್‌ಗಳನ್ನು ಹೇಗೆ ಆರಿಸಬೇಕೆಂಬುದು ರಾಜ್ಯದ ಶಾಸನಸಭೆಗೆ ಬಿಟ್ಟದ್ದು. ಮೇನ್ ಮತ್ತು ನೆಬ್ರಾಸ್ಕಾದಲ್ಲಿ ಇಡೀ ರಾಜ್ಯ ಗೆದ್ದವರಿಗೆ ಎರಡು, ಉಳಿದದ್ದು ಕ್ಷೇತ್ರವಾರು. 2024ರಲ್ಲಿ ನೆಬ್ರಾಸ್ಕಾದ ಒಮಾಹಾ ಕ್ಷೇತ್ರ ಹ್ಯಾರಿಸ್ ಅವರಿಗೂ ಮೇನ್‌ನ ಎರಡನೇ ಕ್ಷೇತ್ರ ಟ್ರಂಪ್ ಅವರಿಗೂ ಸಿಕ್ಕಿದ್ದು ಹೀಗೆ.

ಪ್ರಶ್ನೆ: ನನ್ನ ಮಗ ಎಚ್‌1ಬಿ ವೀಸಾದಲ್ಲಿ ಟೆಕ್ಸಸ್‌ನಲ್ಲಿದ್ದಾನೆ. ಅವನು ವೋಟ್ ಹಾಕಬಹುದೆ?
– ಓದುಗರು, ವಿಜಯನಗರ

ಉತ್ತರ: ಇಲ್ಲ. ಗ್ರೀನ್ ಕಾರ್ಡ್ ಬಂದ ಮೇಲೂ ಇಲ್ಲ. ಪೌರತ್ವ ಬೇಕೇ ಬೇಕು. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಮತದಾರರ ನೋಂದಣಿಯ ಪ್ರಶ್ನೆಯೂ ಎದುರಾಗುತ್ತದೆ. ಅಲ್ಲಿ ಮರೆತೂ ‘ಹೌದು’ ಎನ್ನಬಾರದು. ಪೌರರಲ್ಲದವರು ಮತ ಹಾಕಿದರೆ ಗಡೀಪಾರಿನವರೆಗೂ ಹೋಗಬಹುದು. ಇನ್ನೊಂದು ವಿಷಯ: ಜನಗಣತಿಯಲ್ಲಿ ವೀಸಾ ನೋಡದೆ ಅಲ್ಲಿ ವಾಸವಿರುವವರನ್ನೆಲ್ಲ ಎಣಿಸುತ್ತಾರೆ, ಆ ಎಣಿಕೆಯಿಂದಲೇ ಎಲೆಕ್ಟರ್‌ಗಳ ಹಂಚಿಕೆ. ನಿಮ್ಮ ಮಗನಿಗೆ ಮತವಿಲ್ಲದಿದ್ದರೂ ಟೆಕ್ಸಸ್‌ನ ಬಲದ ಲೆಕ್ಕದಲ್ಲಿ ಅವರೂ ಒಬ್ಬರು.

ಪ್ರಶ್ನೆ: ಎಲೆಕ್ಟರ್‌ಗಳು ಯಾರು? ಮಾತಿಗೆ ತಪ್ಪಿ ಬೇರೆಯವರಿಗೆ ಮತ ಹಾಕಿದರೆ?
– ಓದುಗರು, ಯಲಹಂಕ

ಉತ್ತರ: ಪ್ರತಿ ಪಕ್ಷವೂ ಪ್ರತಿ ರಾಜ್ಯದಲ್ಲಿ ಮೊದಲೇ ಪಟ್ಟಿ ಕೊಟ್ಟಿರುತ್ತದೆ. ಹೆಚ್ಚಿನವರು ಪಕ್ಷದ ನಿಷ್ಠಾವಂತರು. ಸಂಸದರಾಗಿರುವವರು, ಕೇಂದ್ರ ಸರ್ಕಾರದ ಹುದ್ದೆಯಲ್ಲಿರುವವರು ಎಲೆಕ್ಟರ್ ಆಗುವಂತಿಲ್ಲ. ಡಿಸೆಂಬರ್‌ನಲ್ಲಿ, ಎರಡನೇ ಬುಧವಾರ ಕಳೆದ ನಂತರದ ಮಂಗಳವಾರ, ಇವರು ತಂತಮ್ಮ ರಾಜ್ಯದಲ್ಲೇ ಸೇರಿ ಅಧ್ಯಕ್ಷರಿಗೊಂದು, ಉಪಾಧ್ಯಕ್ಷರಿಗೊಂದು ಮತ ಹಾಕುತ್ತಾರೆ. ದೇಶದ ಎಲ್ಲ ಎಲೆಕ್ಟರ್‌ಗಳು ಒಂದೆಡೆ ಸೇರುವುದೇ ಇಲ್ಲ. 2016ರಲ್ಲಿ ಏಳು ಮಂದಿ ಬೇರೆಯವರಿಗೆ ಹಾಕಿದ್ದರಿಂದ 306–232 ಆಗಬೇಕಿದ್ದುದು 304–227 ಆಯಿತು. ಇಂಥವರನ್ನು ದಂಡಿಸುವ, ಬದಲಿಸುವ ಅಧಿಕಾರ ರಾಜ್ಯಗಳಿಗಿದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಪು ಕೊಟ್ಟಿತು.

ಪ್ರಶ್ನೆ: 269–269 ಆದರೆ?
– ಓದುಗರು, ಹೆಬ್ಬಾಳ

ಉತ್ತರ: ಅಧ್ಯಕ್ಷರನ್ನು ಕೆಳಮನೆ ಆರಿಸುತ್ತದೆ. ಆದರೆ ಸದಸ್ಯರಿಗೊಂದು ಮತವಲ್ಲ, ರಾಜ್ಯಕ್ಕೊಂದು. ಕ್ಯಾಲಿಫೋರ್ನಿಯಾದ 52 ಸದಸ್ಯರು ಸೇರಿ ಒಂದು ಮತ, ವಯೋಮಿಂಗ್‌ನ ಒಬ್ಬರೇ ಸದಸ್ಯರದೂ ಒಂದು ಮತ. ಗೆಲುವಿಗೆ 26 ರಾಜ್ಯಗಳು ಬೇಕು. ಡಿಸಿಗೆ ಇಲ್ಲಿ ಮತವಿಲ್ಲ. ಉಪಾಧ್ಯಕ್ಷರ ಆಯ್ಕೆ ಸೆನೆಟ್‌ನದು. ಇದು ದೂರದ ಮಾತೇನಲ್ಲ: 2020ರಲ್ಲಿ ಅರಿಜೋನಾ, ಜಾರ್ಜಿಯಾ, ವಿಸ್ಕಾನ್ಸಿನ್‌ಗಳಲ್ಲಿ ಬೈಡನ್ ಅವರ ಮುನ್ನಡೆ ಒಟ್ಟು ಸುಮಾರು 43 ಸಾವಿರ ಮಾತ್ರ. ಆ ಮೂರೂ ತಿರುಗಿದ್ದರೆ ಸರಿಯಾಗಿ 269–269.

ಪ್ರಶ್ನೆ: ಮುಂದಿನ ಫಲಿತಾಂಶವನ್ನು ಬೆಂಗಳೂರಿನಲ್ಲಿ ಕೂತು ಯಾವಾಗ ನೋಡಬೇಕು?
– ಓದುಗರು, ರಾಜಾಜಿನಗರ

ಉತ್ತರ: ಮತದಾನ 2028ರ ನವೆಂಬರ್ 7, ಮಂಗಳವಾರ. ನಮಗೆ ಬುಧವಾರ ಬೆಳಗಿನ ಜಾವ 4.30ಕ್ಕೆ ಇಂಡಿಯಾನಾ, ಕೆಂಟಕಿಗಳ ಬಹುಭಾಗದಲ್ಲಿ ಮತಗಟ್ಟೆ ಮುಚ್ಚುತ್ತದೆ. ಅಷ್ಟು ಬೇಗ ಏಳಬೇಕಿಲ್ಲ. ಜಾರ್ಜಿಯಾ 5.30ಕ್ಕೆ, ಪೆನ್ಸಿಲ್ವೇನಿಯಾ 6.30ಕ್ಕೆ, ವಿಸ್ಕಾನ್ಸಿನ್ 7.30ಕ್ಕೆ, ಕ್ಯಾಲಿಫೋರ್ನಿಯಾ 9.30ಕ್ಕೆ. ನಮ್ಮ ಚುನಾವಣಾ ಆಯೋಗದಂತೆ ಇಡೀ ದೇಶದ ಮತ ಎಣಿಸಿ ಫಲಿತಾಂಶ ಘೋಷಿಸುವ ಒಂದು ಸಂಸ್ಥೆ ಅಲ್ಲಿಲ್ಲ; ಅಂದು ಟಿವಿಯಲ್ಲಿ ಬರುವ ‘ಗೆದ್ದರು’ ಎಂಬುದು ಸುದ್ದಿಸಂಸ್ಥೆಗಳ ಅಂದಾಜು. ಅಂಚೆ ಮತಗಳನ್ನು ಬಿಡಿಸುವ ಕೆಲಸ ಪೆನ್ಸಿಲ್ವೇನಿಯಾದಲ್ಲಿ ಮತದಾನದ ದಿನದ ಮುಂಚೆ ಶುರುವಾಗುವಂತಿರಲಿಲ್ಲವಾದ್ದರಿಂದ 2020ರಲ್ಲಿ ಮಂಗಳವಾರದ ಚುನಾವಣೆಯ ಉತ್ತರ ಶನಿವಾರ ಬಂತು. ರಾತ್ರಿಯ ಮುನ್ನಡೆ ಬೆಳಿಗ್ಗೆ ಕರಗಿದರೆ ಮೋಸವೆಂದು ತಿಳಿಯಬೇಡಿ, ಎಣಿಕೆಯ ಸರದಿ ಹಾಗಿರುತ್ತದೆ. ಅಧಿಕೃತ ಎಣಿಕೆ ಸಂಸತ್ತಿನಲ್ಲಿ ಜನವರಿ 6ಕ್ಕೆ, ಪ್ರಮಾಣವಚನ ಜನವರಿ 20ರ ಮಧ್ಯಾಹ್ನ, ನಮ್ಮ ಗಡಿಯಾರದಲ್ಲಿ ರಾತ್ರಿ 10.30.