ಮಗಳಿಗೆ ಸಾಫ್ಟ್‌ಬಾಲ್ ಬಿಡಿಸಬೇಕೇ?
ಜಿಲ್ಲಾ ತಂಡಕ್ಕೆ ಆಯ್ಕೆಯಾಗದ ಮೇಲೆ ನಿಮ್ಮ ಮಗಳು ಪುಸ್ತಕವನ್ನೂ ಮುಟ್ಟುತ್ತಿಲ್ಲವೆಂದರೆ, ಅವಳು ತನ್ನನ್ನು ‘ಪಿಚರ್’ (ಬ್ಯಾಟರ್‌ಗೆ ಚೆಂಡೆಸೆಯುವವಳು) ಎಂದಷ್ಟೇ ಗುರುತಿಸಿಕೊಂಡಿರುವುದು ಬಹುಶಃ ಕಾರಣ; ಎಸ್ಸೆಸ್ಸೆಲ್ಸಿಯ ನೆಪದಲ್ಲಿ ಆಟ ಬಿಡಿಸಿದರೆ ಇದ್ದೊಂದು ಗುರುತೂ ಹೋಗುತ್ತದೆ. ಮೊದಲು ಎರಡು ವಾರ ಆಯ್ಕೆಯ ಮಾತೆತ್ತಬೇಡಿ. ಬಳಿಕ ತರಬೇತುದಾರರನ್ನು ಕೇಳಿ ಅವಳನ್ನು ಎರಡನೇ ಬೇಸ್ (ಓಡುವವರು ಮುಟ್ಟಬೇಕಾದ ನೆಲೆ) ಬಳಿ ನಿಲ್ಲಿಸಿ. ಬೇಸ್‌ಗಳ ನಡುವೆ 60 ಅಡಿ ಮಾತ್ರ ಇರುವುದರಿಂದ ಅಲ್ಲಿ ಕ್ಷಣಕ್ಷಣಕ್ಕೂ ನಿರ್ಧಾರ ಅವಳದೇ. ಆಡದ ದಿನ ಏಳು ಇನ್ನಿಂಗ್ಸ್‌ಗಳ ಸ್ಕೋರ್ ಪುಸ್ತಕ ಬರೆಯಲಿ: ಪೆನ್ಸಿಲ್ಲಿನಿಂದ ಚೌಕದೊಳಗೆ ಓಟದ ಗೆರೆ ಎಳೆಯುತ್ತಲೇ ನನ್ನ ಮಗಳು ತಾನು ಎಸೆಯದ ಪಂದ್ಯವನ್ನೂ ಅರ್ಥಮಾಡಿಕೊಳ್ಳತೊಡಗಿದಳು. ಕಲಬುರಗಿಯ ಬಿಸಿಲು ಗೊತ್ತೇ ಇದೆ, ಅಭ್ಯಾಸ ಬೆಳಿಗ್ಗೆಯೇ ಮುಗಿದರೆ ಸಂಜೆ ಓದಿಗೆ ಉಳಿಯುತ್ತದೆ. ಆಟದ ಪ್ರಮಾಣಪತ್ರಗಳನ್ನು ಜೋಪಾನವಾಗಿಡಿ, ಕಲ್ಯಾಣ ಕರ್ನಾಟಕದ ಸ್ಥಳೀಯರಿಗಿರುವ 371ಜೆ ಮೀಸಲಾತಿ ಬೇರೆ, ಕ್ರೀಡಾ ಕೋಟಾ ಬೇರೆಯಾದ್ದರಿಂದ ಪ್ರವೇಶದ ಸಮಯದಲ್ಲಿ ಆಯಾ ವರ್ಷದ ಅಧಿಸೂಚನೆಯನ್ನೇ ನೋಡಿ.