ಡಂಜನ್‌ನಲ್ಲಿ ನಿಧಿಯನ್ನು ಎಲ್ಲೆಲ್ಲಿ ಇಡಬೇಕು?

ಕಥೆಯ ಪಾತ್ರಗಳಾಗಿ ದಾಳ ಉರುಳಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ನೀವು ಆಟಗಾರರಿಗಾಗಿ ರೂಪಿಸುವ, ಅಪಾಯದ ಕೋಣೆಗಳಿರುವ ನೆಲದಡಿಯ ತಾಣವಾದ ಡಂಜನ್‌ನಲ್ಲಿ ಪ್ರತಿ ಕೋಣೆಗೂ ನಿಧಿ ಬೇಕೇ ಎಂದು ಕೇಳಿದ್ದೀರಿ, ಖಂಡಿತ ಬೇಡ. 1981ರ ಬೇಸಿಕ್ ಆವೃತ್ತಿಯ ಪಟ್ಟಿಯ ಪ್ರಕಾರ ದಾಳ ಉರುಳಿಸಿದಾಗ ನಿಧಿ ಇರುವ ಸಾಧ್ಯತೆ ದೈತ್ಯಪ್ರಾಣಿಯಿರುವ ಕೋಣೆಯಲ್ಲಿ ಆರರಲ್ಲಿ ಮೂರು, ಬಲೆಯಿರುವಲ್ಲಿ ಎರಡು, ಖಾಲಿ ಕೋಣೆಯಲ್ಲಿ ಒಂದು. ಈ ಕೊನೆಯದೇ ನನಗೆ ಬಹಳ ಮುಖ್ಯವೆನಿಸುತ್ತದೆ, ಏಕೆಂದರೆ ಖಾಲಿ ಕೋಣೆಯಲ್ಲೂ ಏನಾದರೂ ಸಿಕ್ಕೀತೆಂಬ ನಿರೀಕ್ಷೆಯಿದ್ದರೆ ಮಾತ್ರ ಆಟಗಾರರು ಸಡಿಲವಾದ ನೆಲಗಲ್ಲನ್ನು ಎತ್ತಿ ನೋಡುತ್ತಾರೆ. ಮಂತ್ರಖಡ್ಗದಂಥ ಮುಖ್ಯ ವಸ್ತುಗಳ ಜಾಗವನ್ನು ಮಾತ್ರ ದಾಳಕ್ಕೆ ಬಿಡದೆ ನೀವೇ ಮೊದಲು ನಿರ್ಧರಿಸಿ. ತೂಕವನ್ನೂ ಗಮನಿಸಿ: ಐದನೇ ಆವೃತ್ತಿಯಲ್ಲಿ 50 ನಾಣ್ಯಗಳಿಗೆ ಒಂದು ಪೌಂಡ್ ಆದ್ದರಿಂದ, 2,000 ತಾಮ್ರದ ನಾಣ್ಯಗಳು 40 ಪೌಂಡ್ ತೂಗಿದರೂ ಅವುಗಳ ಬೆಲೆ ಕೇವಲ 20 ಚಿನ್ನದ ನಾಣ್ಯ, ಹೊರುವುದೋ ಬಿಡುವುದೋ ಎಂಬುದನ್ನು ಆಟಗಾರರೇ ಚರ್ಚಿಸಲಿ.